ಟ್ಯೂಬಿಂಗೆನ್ ನಗರವೂ ಕನ್ನಡದ ವಿದ್ಯಾವಂಶವೂ

ವಂಶವೆಂಬುದು ಎರಡು ವಿಧವೆಂದು ಪಾಣಿನೀಯರು ಹೇಳುವರು: ಜನ್ಮದಿಂದ ಬಂದುದು ಒಂದು, ವಿದ್ಯೆಯಿಂದ ಬಂದುದು ಇನ್ನೊಂದು. ತಂದೆ ಮಕ್ಕಳ ಸಾಲು ಹೇಗೆ ವಂಶವೋ ಹಾಗೆಯೇ ಗುರುಶಿಷ್ಯರ ಸಾಲೂ ವಂಶವೇ. ಪಾಣಿನಿ, ಕಾತ್ಯಾಯನ, ಪತಂಜಲಿ ಈ ಮೂವರನ್ನು ವ್ಯಾಕರಣದ ವಂಶ್ಯರೆಂದು ಗಣಿಸುವುದು ಈ ಎರಡನೆಯ ಅರ್ಥದಿಂದಲೇ. ಜರ್ಮನಿಯ ನೈಋತ್ಯ ಭಾಗದಲ್ಲಿ ನೆಕ್ಕಾರ್ ನದಿಯ ದಡದಲ್ಲಿರುವ ಟ್ಯೂಬಿಂಗೆನ್ ನಗರದ ವಿಚಾರದಲ್ಲಿ ಈ ವಿಭಾಗವು ಬಹಳ ಉಪಯೋಗಕ್ಕೆ ಬರುವುದು. ಪೂರ್ವಿಕರ ಮೂಲವನ್ನು ಅರಸಿಕೊಂಡು ಅಲ್ಲಿಗೆ ಹೋಗುವವರುಂಟು. ಕನ್ನಡಿಗನಿಗೂ ಅಲ್ಲಿ ಅರಸತಕ್ಕ ಮೂಲವೊಂದಿದೆ; ಅದು ಯಾವ ಬಗೆಯದೆಂಬುದು ವಿಚಾರಣೀಯವಾದುದು.

ಜನ್ಮವಂಶವನ್ನು ತಿಳಿಯಲು ಆ ಸೀಮೆಯಲ್ಲಿ ಸಾಧನಗಳಿಗೆ ಕೊರತೆಯಿಲ್ಲ. ವ್ಯೂರ್ಟೆಂಬೆರ್ಗ್ ಸಂಸ್ಥಾನದ ಇಗರ್ಜಿಗಳಲ್ಲಿ ಜನನ, ವಿವಾಹ, ಮರಣಗಳ ಕಡತಗಳು 16ನೆಯ ಶತಮಾನದಿಂದ ನಡೆದುಬಂದಿವೆ. ಅವುಗಳ ಆಧಾರದಿಂದ ತಿಳಿದುಬಂದ ಸಂಗತಿಗಳಲ್ಲಿ ಒಂದು ಸ್ವಾರಸ್ಯವಾದುದು. 1599ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಹುಟ್ಟಿ 1669ರಲ್ಲಿ ತೀರಿಕೊಂಡ ರೆಗೀನಾ ಬಾರ್ಡಿಲಿ ಎಂಬ ಗೃಹಿಣಿಯ ಸಂತತಿಯಲ್ಲಿ ಹೋಲ್ಡರ್ಲಿನ್ ಮತ್ತು ಊಲಾಂಡ್ ಎಂಬ ಕವಿಗಳೂ ಶೆಲ್ಲಿಂಗ್ ಎಂಬ ತತ್ತ್ವಜ್ಞರೂ ಹುಟ್ಟಿದರು. ಬೋಧಕರ ಮನೆತನಗಳೂ ಅಧ್ಯಾಪಕರ ಮನೆತನಗಳೂ ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತಂದು ಬೆಳೆದ ನಾಡು ಅದು. ಅಗ್ರಹಾರಗಳ ಸ್ಥಿತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ನಗರವನ್ನು ಸುತ್ತಿ ನೋಡಲು ಮೂರು ನಾಲ್ಕು ಗಂಟೆಗಳು ಸಾಕು. ರೈಲು ನಿಲ್ದಾಣದಿಂದ ಹೊರಟು ನೆಕ್ಕಾರ್ ಸೇತುವೆಯನ್ನು ಸೇರಿದರೆ ನೀರಿನ ಅಂಚಿನಲ್ಲಿ ಹಳದಿ ಬಣ್ಣದ ಗೋಪುರವೊಂದು ಕಾಣುವುದು. ಬುದ್ಧಿಭ್ರಮಣೆಗೊಳಗಾದ ಹೋಲ್ಡರ್ಲಿನ್ ಕವಿಯು ಒಬ್ಬ ಬಡಗಿಯ ಆಶ್ರಯದಲ್ಲಿ 1807 ರಿಂದ 1843ರ ವರೆಗೆ ಬಾಳಿ ತೀರಿಕೊಂಡುದು ಅಲ್ಲಿಯೇ. ಈಗಿನ ಗೋಪುರವು 1875ರ ಬೆಂಕಿಯ ಬಳಿಕ ಮತ್ತೆ ಕಟ್ಟಿದುದು. ಚಿತ್ರ ತೆಗೆಯುವವರ ಗುಂಪು ಸಾಮಾನ್ಯವಾಗಿ ಇಲ್ಲಿಯೇ ನಿಲ್ಲುವುದು.

ಕನ್ನಡದ ದೃಷ್ಟಿಯಿಂದ ಇನ್ನೂ ಮುಖ್ಯವಾದ ಕಟ್ಟಡವು ಅದೇ ದಂಡೆಯಲ್ಲಿ ಸ್ವಲ್ಪ ಮುಂದಿದೆ. ಅದು 1536ರಲ್ಲಿ ಸ್ಥಾಪಿತವಾದ ‘ಶ್ಟಿಫ್ಟ್’ ಎಂಬ ವಿದ್ಯಾರ್ಥಿನಿಲಯ. ಊಟ ವಸತಿಗಳನ್ನು ಧರ್ಮಾರ್ಥವಾಗಿ ಕೊಟ್ಟು ಇಗರ್ಜಿಯ ಸೇವೆಗೆ ಯುವಕರನ್ನು ಸಿದ್ಧಗೊಳಿಸುವ ಸಂಸ್ಥೆ. ಮಠದ ಪಾಠಶಾಲೆಯೆಂದರೆ ತಪ್ಪಾಗದು. ಕೆಪ್ಲರ್, ಹೆಗೆಲ್ ಮೊದಲಾದವರು ಓದಿದುದು ಇಲ್ಲಿ. 1830ರ ದಶಕದ ಆರಂಭದಲ್ಲಿ ಡೇವಿಡ್ ಸ್ಟ್ರೌಸ್ ಇಲ್ಲಿ ಉಪಾಧ್ಯಾಯರಾಗಿದ್ದು, ಪವಿತ್ರಗ್ರಂಥವನ್ನೂ ಇತರ ಪ್ರಾಚೀನ ಗ್ರಂಥಗಳಂತೆಯೇ ಪಾಠ, ಕಾಲ, ಕರ್ತೃಗಳ ಪರೀಕ್ಷೆಗೆ ಗುರಿಮಾಡಿ, 1835ರಲ್ಲಿ ತಮ್ಮ ಪುಸ್ತಕದಿಂದ ದೊಡ್ಡ ಕೋಲಾಹಲವನ್ನೆಬ್ಬಿಸಿದರು. ಹೆರ್ಮನ್ ಗುಂಡರ್ಟರು ಅವರ ವಿದ್ಯಾರ್ಥಿಗಳು. ಹೆರ್ಮನ್ ಮೋಗ್ಲಿಂಗರು ಓದಿದುದೂ ಇದೇ ಶ್ಟಿಫ್ಟಿನಲ್ಲಿ. ಇಬ್ಬರೂ 1836ರಲ್ಲಿ ಹಿಂದೂ ದೇಶಕ್ಕೆ ಬಂದರು. ಸ್ಟ್ರೌಸರ ನಿರ್ಣಯಗಳನ್ನು ಅವರು ಒಪ್ಪಲಿಲ್ಲ, ನಿಜ. ಆದರೆ ಗ್ರಂಥವನ್ನು ಅಕ್ಷರಶಃ ನೋಡುವ, ಸಿಕ್ಕಿದ ಪ್ರತಿಯನ್ನೇ ನಂಬಿ ಕೂಡದಿರುವ ಶಿಸ್ತನ್ನು ಅವರು ಇಲ್ಲಿಂದ ಕೊಂಡೊಯ್ದರೆಂದು ಹೇಳಬಹುದು. ಶಿಷ್ಯನು ಗುರುವಿನ ಸಿದ್ಧಾಂತವನ್ನು ಬಿಟ್ಟು ಪದ್ಧತಿಯನ್ನು ಹಿಡಿಯುವುದು ಶಾಸ್ತ್ರಗಳಲ್ಲಿ ಅಪೂರ್ವವಲ್ಲ.

ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು ಸುಪ್ರಸಿದ್ಧ. ಅದಕ್ಕಿಂತಲೂ ಗುರುತರವಾದ ಕಾರ್ಯವೆಂದರೆ ವೈಗ್ಲೆಯವರ ನೆರವಿನೊಡನೆ ಕಲ್ಲಚ್ಚಿನಲ್ಲಿ ಮುದ್ರಿಸಿದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅದರಲ್ಲಿ ಬೆಳಕು ಕಂಡುವು. 1855ರಲ್ಲಿ ವೈಗ್ಲೆಯವರು ತೀರಿಕೊಳ್ಳಲು, ಅವರ ವಿಧವೆಯನ್ನು ಮುಂದೆ ಮೋಗ್ಲಿಂಗರೇ ವಿವಾಹವಾದರು. ಈ ಮಾಲೆಗಾಗಿ ಟ್ಯೂಬಿಂಗೆನ್ ವಿದ್ಯಾಪೀಠವು 1858ರಲ್ಲಿ ಮೋಗ್ಲಿಂಗರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಕನ್ನಡಿಗರೇ ತಮ್ಮ ಓಲೆಗರಿಗಳನ್ನು ಅಟ್ಟದ ಮೇಲಿರಿಸಿದ್ದ ಕಾಲದಲ್ಲಿ ನಡೆದ ಸಂಗತಿಯಿದು.

ಶ್ಟಿಫ್ಟಿನಿಂದ ಕಡಿದಾದ ದಾರಿಯನ್ನೇರಿದರೆ ಕೋಟೆ ಸಿಕ್ಕುವುದು. ವಿದ್ಯಾಪೀಠದ ಪುಸ್ತಕಭಂಡಾರವು 19ನೆಯ ಶತಮಾನದಲ್ಲಿ ಇದರೊಳಗಿತ್ತು. 1856 ರಿಂದ ಅದರ ಮುಖ್ಯಾಧಿಕಾರಿಗಳಾಗಿದ್ದವರು ರುಡಾಲ್ಫ್ ರೋಟರು. ಬ್ಯೋಟ್ಲಿಂಕರೊಡನೆ ಅವರು ರಚಿಸಿದ, 1855 ರಿಂದ 1875ರ ವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ಸಂಸ್ಕೃತ ಕೋಶವನ್ನು ತಿಳಿಯದ ಪಂಡಿತರು ವಿರಳ. ವೈದಿಕ ಶಬ್ದಗಳ ಭಾಗವು ರೋಟರದು. ಸಾಯಣಭಾಷ್ಯವನ್ನು ಅವರು ಲಘುವಾಗಿ ಕಂಡುದು ಮಾತ್ರ ಒಪ್ಪತಕ್ಕುದಲ್ಲ. ಇದೇ ಕೋಟೆಯ ಹಳೆಯ ಅಡುಗೆಮನೆಯಲ್ಲಿ 1869ರಲ್ಲಿ ಮೀಷರ್ ಎಂಬ ತರುಣ ವೈದ್ಯನು ಜೀವಕಣಗಳ ಬೀಜಭಾಗದಿಂದ ಹೊಸ ದ್ರವ್ಯವೊಂದನ್ನು ಬೇರ್ಪಡಿಸಿದನು. ಆನುವಂಶಿಕ ಗುಣಗಳನ್ನು ಹೊರುವ ದ್ರವ್ಯವು ಅದೇ ಎಂಬುದು ಮುಂದೆ ಸಿದ್ಧವಾಯಿತು. ಒಂದೇ ಕೋಟೆಯಲ್ಲಿ ಮೇಲೆ ಶಬ್ದಗಳ ಮೂಲ, ಕೆಳಗೆ ಶರೀರದ ಮೂಲ!

ಇನ್ನು ಕಿಟ್ಟೆಲರ ವಿಷಯ. ಅವರನ್ನು ಈ ನಗರದ ಮಗನೆನ್ನಲಾಗದು. ಅವರು ಹುಟ್ಟಿದುದು 1832ರಲ್ಲಿ, ಬಹುದೂರದ ಉತ್ತರ ಸಮುದ್ರತೀರದ ರೆಸ್ಟರ್‌ಹಾಫೆ ಗ್ರಾಮದಲ್ಲಿ, ಕಲಿತುದು ಬಾಸೆಲಿನಲ್ಲಿ, ಹಿಂದೂ ದೇಶಕ್ಕೆ ಬಂದುದು 1853ರಲ್ಲಿ. ರೆಗೀನಾ ಬಾರ್ಡಿಲಿಯ ಸಂತತಿಗೂ ಶ್ಟಿಫ್ಟಿನ ಪಂಕ್ತಿಗೂ ಅವರು ಹೊರಗಿನವರು. ಆದರೆ ಮೋಗ್ಲಿಂಗರು ತೆರೆದ ದಾರಿಯಲ್ಲಿಯೇ ನಡೆದು, 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ಕೋಶವನ್ನು ಪೂರೈಸಿದರು. ಆ ಕೋಶದ ಮುನ್ನುಡಿಯಲ್ಲಿ, ಸಂಸ್ಕೃತ ಕೋಶಗಳಲ್ಲಿ ಸೇರಿಕೊಂಡಿರುವ ದ್ರಾವಿಡ ಶಬ್ದಗಳ ದೀರ್ಘವಾದ ಪಟ್ಟಿಯಿದೆ. ಸಂಸ್ಕೃತವೇ ಸರ್ವಕ್ಕೂ ಮೂಲವೆಂದು ಬಾಲ್ಯದಿಂದ ಓದಿದವರಿಗೆ ಅದು ಕಹಿಯಾಗುವುದು ಸಹಜ; ಅದರಲ್ಲಿಯ ಎಲ್ಲ ಶಬ್ದಗಳೂ ಪರೀಕ್ಷೆಯಲ್ಲಿ ನಿಲ್ಲವು. ಆದರೂ ಮುಖ್ಯವಾದ ವಾದವು 1940ರ ದಶಕದಿಂದೀಚೆಗೆ ಬರೋ, ಎಮೆನೋ ಇವರ ಸಂಶೋಧನೆಗಳಿಂದ ಬಲಗೊಂಡಿತು. ‘ನೀರ’, ‘ಮೀನ’ ಮೊದಲಾದುವು ದ್ರಾವಿಡದಿಂದ ಬಂದುವೆಂಬುದನ್ನು ಈಗ ಬಹುಮಂದಿ ವಿದ್ವಾಂಸರು ಅಂಗೀಕರಿಸುವರು.

1895ರಲ್ಲಿ ರೋಟರು ತೀರಿಕೊಂಡರು. ಮರುವರ್ಷ ವಿದ್ಯಾಪೀಠವು ಕಿಟ್ಟೆಲರಿಗೆ ಡಾಕ್ಟರ್ ಪದವಿಯನ್ನರ್ಪಿಸಿತು. ಕನ್ನಡದ ಕಾರ್ಯಕ್ಕಾಗಿ ಈ ಒಂದೇ ವಿದ್ಯಾಪೀಠವು ಎರಡನೆಯ ಸಲ ಕೊಟ್ಟ ಮನ್ನಣೆಯಿದು. ಜನ್ಮದಿಂದ ಹೊರಗಿನವರಾದ ಕಿಟ್ಟೆಲರು ವಿದ್ಯೆಯಿಂದ ಆ ನಗರದ ವಂಶ್ಯರಾದರು; 1903ರಲ್ಲಿ ಅವರು ದೇಹವನ್ನು ಬಿಟ್ಟುದೂ ಅಲ್ಲಿಯೇ.

ಕೋಟೆಯಿಂದಿಳಿದು ದೊಡ್ಡ ಇಗರ್ಜಿಯ ಮುಂದಣ ಬಯಲಿಗೆ ಬಂದರೆ ಹೆಕ್ಕೆನ್‌ಹೌವರ್ ಎಂಬ ಹಳೆಯ ಪುಸ್ತಕದಂಗಡಿಯ ಮನೆಯುಂಟು. 1895 ರಿಂದ 1899ರ ವರೆಗೆ ಅಲ್ಲಿ ಕೆಲಸಕ್ಕಿದ್ದ ಹುಡುಗನೇ ಮುಂದೆ 1946ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹೆರ್ಮನ್ ಹೆಸ್ಸೆ. ಅವನ ತಾಯಿ ಗುಂಡರ್ಟರ ಮಗಳು, ತಲಶ್ಶೇರಿಯಲ್ಲಿ ಹುಟ್ಟಿದವಳು. ತಂದೆ ಕೆಲವು ಕಾಲ ಮಂಗಳೂರಿನಲ್ಲಿದ್ದವರು. ಕನ್ನಡನಾಡಿನ ಗಾಳಿಯು ಜನ್ಮವಂಶದ ಮೂಲಕವೂ ಹೀಗೆ ಅಲ್ಲಿಗೆ ತಲುಪಿತ್ತು.

1912ರಲ್ಲಿ ಪುಸ್ತಕಭಂಡಾರವು ಕೋಟೆಯನ್ನು ಬಿಟ್ಟು ಊರಿನ ವಿಲ್‌ಹೆಲ್ಮ್ ಬೀದಿಯ ಸ್ವಂತ ಕಟ್ಟಡಕ್ಕೆ ಬಂದಿತು. ಅಥರ್ವವೇದದ ಪೈಪ್ಪಲಾದ ಶಾಖೆಯ, ರೋಟರ ಕೈಗೆ ಕಾಶ್ಮೀರದಿಂದ ಬಂದ ಭೂರ್ಜಪತ್ರದ ಪ್ರತಿಯು ಅದರಲ್ಲಿದೆ. ಗುಂಡರ್ಟರು ಸಂಗ್ರಹಿಸಿದ ಮಲೆಯಾಳ ಹಸ್ತಪ್ರತಿಗಳೂ ಅಲ್ಲಿಯೇ ಇವೆ. ಬಹುಕಾಲ ಹೆಸರು ಮಾತ್ರ ಉಳಿದಿದ್ದ ‘ಪಯ್ಯನ್ನೂರು ಪಾಟ್ಟು’ ದೊರೆತುದು ಆ ಕಟ್ಟುಗಳಲ್ಲಿ. 2018 ರಿಂದ ಆ ಸಂಗ್ರಹದ ಪುಟಗಳ ಪ್ರತಿಬಿಂಬಗಳನ್ನು ಮಂಗಳೂರಿನಲ್ಲಿ ಕುಳಿತವರೂ ಓದಬಹುದಾಗಿದೆ.