ಇಳಕಲ್ಲಿನ ಕೊಂಡಿ

1520ರ ರಾಯಚೂರು ಕಾಳಗವನ್ನು ನಮ್ಮ ಶಾಲೆಯ ಹುಡುಗನೂ ಬಲ್ಲ. ಕೃಷ್ಣೆ-ತುಂಗಭದ್ರೆಯರ ನಡುವಣ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಿಜಾಪುರದವರೂ ಕಾದಾಡಿದುದನ್ನು ಪಠ್ಯಪುಸ್ತಕಗಳು ಪುಟಗಟ್ಟಲೆ ಹೇಳುತ್ತವೆ. ಅದೇ ನಾಡಿನ ಹೆಂಗಸರು ಉಟ್ಟ ಸೀರೆ ಹೇಗೆ ಸಿದ್ಧವಾಗಿ ಸಂತೆಗೆ ಬಂದಿತೆಂಬುದಕ್ಕೆ ಮಾತ್ರ ಅವುಗಳಲ್ಲಿ ಎಡೆಯಿಲ್ಲ. ಮಸ್ಕಿಯ ಬಳಿಯ ಸಂತೆಕಲ್ಲೂರಿನ ಹೆಸರಿನಲ್ಲಿಯೇ ಸಂತೆಯಿದೆ. ಆ ಊರಿನ ಘನಮಠದ ನಾಗಭೂಷಣ ಶಿವಯೋಗಿಗಳು 19ನೆಯ ಶತಮಾನದಲ್ಲಿ 'ಕೃಷಿ ಜ್ಞಾನ ಪ್ರದೀಪಿಕೆ'ಯನ್ನು ರಚಿಸಿ ಒಕ್ಕಲುತನಕ್ಕೆ ಶಾಸ್ತ್ರದ ಮರ್ಯಾದೆ ತಂದರು. ನೇಯ್ಗೆಗೂ ಅಂಥದೊಂದು ಗ್ರಂಥ ಬೇಕಿತ್ತೆಂದು ನನಗೆ ಅನಿಸುವುದುಂಟು.

ಲಿಂಗಸುಗೂರು, ಮುದಗಲ್ಲು ದಾಟಿದರೆ ಇಳಕಲ್ಲು ದೂರವಲ್ಲ. ಆದರೆ 1956ರವರೆಗೆ ಈ ನಡುವೆ ರಾಜ್ಯದ ಗಡಿಯೊಂದಿತ್ತು: ಇಳಕಲ್ಲು ಮುಂಬಯಿ ಪ್ರಾಂತದಲ್ಲಿ, ಲಿಂಗಸುಗೂರು ಹೈದರಾಬಾದಿನಲ್ಲಿ.

ಇಳಕಲ್ಲ ಸೀರೆಯ ವಿಶೇಷವೆಲ್ಲ ಅದರ ಕಟ್ಟಿನಲ್ಲಿದೆ. ಸಾಮಾನ್ಯ ಸೀರೆಗೆ ಮೈಗೂ ಸೆರಗಿಗೂ ಒಂದೇ ಹಾಸು. ಇಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ದಡಿಗೂ ಅದೇ ರೇಷ್ಮೆ. ಒಡಲಿನ ಎಳೆಯ ಕುಣಿಕೆಯಲ್ಲಿ ಸೆರಗಿನ ಎಳೆಯ ಕುಣಿಕೆಯನ್ನು ತೊಡಿಸಿ, ಹೀಗೆ ಎಳೆ ಎಳೆಯಾಗಿ ಇಡೀ ಅಗಲವನ್ನು ಕೂಡಿಸುವುದೇ ಕೊಂಡಿ.

ಇದನ್ನು ಬರಿಯ ಅಲಂಕಾರವೆಂದು ಎಣಿಸುವುದು ತಪ್ಪು. ಹತ್ತಿ ಈ ಸೀಮೆಯ ಬೆಳೆ. ರೇಷ್ಮೆಯಾದರೋ ಹೊರಗಿನಿಂದ ಬರಬೇಕು, ಬೆಲೆಯೂ ಹೆಚ್ಚು. ಎಂಟೊಂಬತ್ತು ಗಜದ ಸೀರೆಯಲ್ಲಿ ಸೆರಗಿನ ಉದ್ದ 16, 20 ಅಥವಾ 27 ಅಂಗುಲ. ಕಾಣುವ ಕಡೆಗಷ್ಟೇ ರೇಷ್ಮೆ, ಮಿಕ್ಕುದಕ್ಕೆ ಹತ್ತಿ! ನೇಕಾರನ ಜಾಣತನ ಇನ್ನೂ ಒಂದಿದೆ. ಒಡಲಿನ ಬಣ್ಣ ಯಾವುದೇ ಇರಲಿ, ಸೆರಗು ರೂಢಿಯಿಂದ ಕೆಂಪೇ, ಮೇಲೆ ಬಿಳಿಯ ತೋಪು ತೆನೆ. ಕೆಂಪು ಹಾಸನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು, ಒಡಲಿಗೆ ಗಿರಾಕಿಗೆ ಬೇಕಾದ ಬಣ್ಣ ಕಟ್ಟಬಹುದು. ಮುಂದೆ ಕೃತಕ ರೇಷ್ಮೆ ಬಂದಾಗಲೂ ಸೆರಗು, ದಡಿಗಳ ನೂಲು ಬದಲಾಯಿತೇ ಹೊರತು ಸೀರೆಯ ಕಟ್ಟು ಹಾಗೆಯೇ ಉಳಿಯಿತು.

ಇಷ್ಟೆಲ್ಲ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ. ಹಾಸು ಒಂದೊಂದು ಸೀರೆಯ ಅಳತೆಗೇ ಮುಗಿಯುತ್ತದೆ. ಪ್ರತಿ ಸೀರೆಗೂ ಕೊಂಡಿ ಹೊಸದು. ಕುಣಿಮಗ್ಗದ ಮುಂದೆ ಕುಳಿತವನ ಕೆಲಸ ಮನೆಯವರು ಎಳೆ ಜೋಡಿಸಿ ಮುಗಿಸುವವರೆಗೆ ಕಾಯುತ್ತದೆ. ಹಬ್ಬಕ್ಕೆ, ಮದುವೆಯ ಕಾಲಕ್ಕೆ ಬೇಡಿಕೆ ಏರಿತೆಂದು ಕೊಂಡಿಯನ್ನು ಅವಸರಪಡಿಸಲಾಗದು.

ವಿದ್ಯುತ್ ಮಗ್ಗಕ್ಕೆ ಬೇಕಾದುದು ನಿಲ್ಲದೆ ಹರಿಯುವ ಉದ್ದನೆಯ ಹಾಸು. ಅದು ಕೊಂಡಿಯನ್ನೇ ಕೈಬಿಟ್ಟಿತು. ಅದೇ ಹಾಸಿನ ಮೇಲೆ ಕೆಂಪು ಹೊಕ್ಕು ಹೊಡೆದು ಸೆರಗೆಂದಿತು. ಕೈಮಗ್ಗದ ಸರಕುಗಳಿಗೆ ಮೀಸಲಾತಿ ಕೊಟ್ಟ 1985ರ ಕಾಯಿದೆ ಇದೆ, ನಿಜ. ಆದರೆ ಅಂಗಡಿಯ ಕಪಾಟಿನಲ್ಲಿ ಮಡಿಚಿಟ್ಟ ಎರಡು ಸೀರೆಗಳಲ್ಲಿ ಅಗ್ಗವಾದುದನ್ನು ಆರಿಸುವ ಕೈಯನ್ನು ಕಾಯಿದೆ ತಡೆಯಬಲ್ಲುದೆ? ಕೊಂಡಿಗೆ ಹಿಡಿದ ಹೊತ್ತಿನ ಕೂಲಿ ಬೆಲೆಯಲ್ಲಿ ಸೇರಬೇಕು. ಸೇರಿದರೆ ಸೀರೆ ತುಟ್ಟಿ, ಸೇರದಿದ್ದರೆ ನೇಕಾರನ ಮಗ ಮಗ್ಗ ಬಿಡುತ್ತಾನೆ.

ಕೊಳ್ಳುವವರು ಒಂದು ಪರೀಕ್ಷೆ ಮಾಡಬಹುದು. ಸೀರೆಯನ್ನು ಮಗುಚಿ ಸೆರಗು ಮೈಗೆ ಕೂಡುವೆಡೆಯನ್ನು ನೋಡಬೇಕು. ಒಡಲಿನ ಬಣ್ಣದ ಎಳೆಗಳು ಸೆರಗಿನೊಳಕ್ಕೂ ನುಗ್ಗಿ ಕೆಂಪನ್ನು ಮಂಕಾಗಿಸಿದ್ದರೆ ಅಲ್ಲಿ ಕೊಂಡಿಯಿಲ್ಲ. ಹಾಸು, ಹೊಕ್ಕು ಎರಡೂ ಕೆಂಪಾಗಿದ್ದು, ಕೂಡಿದ ಕಡೆ ಸಣ್ಣ ಗೆರೆಯೊಂದು ಬೆರಳಿಗೆ ತಾಕಿದರೆ, ಅದನ್ನು ಯಾರೋ ಕೈಯಿಂದ ಜೋಡಿಸಿದ್ದಾರೆ.