ಮನೆ ವಿಷಯ ಅಂದವರು ಯಾರು?

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಉಣ್ಣಲಿಕ್ಕೇ ಇಲ್ಲದ ಮನೆಯಲ್ಲಿ ಅದು ಎಲ್ಲಿಗೆ ಮುಗಿಯುತ್ತದೆ ಅಂತ ಗಾದೆ ಕಟ್ಟಿದವರು ಹೇಳಲಿಲ್ಲ. ಆ ಗಾದೆಯನ್ನೇ ಸರ್ಕಾರ ಬಹಳ ಕಾಲ ಕಾನೂನು ಮಾಡಿಕೊಂಡು ಕೂತಿತ್ತು. ಪೆಟ್ಟು ತಿಂದ ನಮ್ಮ ಅವ್ವಂದಿರು ಠಾಣೆಗೆ ಹೋದರೆ ಒಂದೇ ಮಾತು: "ಮನಿ ವಿಷಯ ಐತಿ, ಹೋಗವ್ವ."

ನಮ್ಮ ಮನೆಯ ಬಾಗಿಲು ಸರ್ಕಾರಕ್ಕೆ ಗೊತ್ತಿರಲಿಲ್ಲವೆ? ಬಾಗಲಕೋಟೆ, ಬಾದಾಮಿ, ಹುನಗುಂದ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಿಡಿದು ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಬರೆದುಕೊಂಡರು. ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟು ಕಟ್ಟಿ ಹಾಜರಿ ತೆಗೆದುಕೊಂಡರು. ಯಾರು ಒಳಗಿದ್ದಾರೆ, ಯಾರು ಹೊರಗೆ ಹೋದರು, ಎಲ್ಲ ಲೆಕ್ಕ. 1952ರಲ್ಲಿ ಆ ಕಾಯ್ದೆ ದೇಶದಿಂದ ಹೋಯಿತು. ಅಲ್ಲಿಯ ತನಕ ಗುಡಿಸಲು ಖಾಸಗಿ ಆಗಿರಲಿಲ್ಲ. ಹೆಣ್ಣು ಕೂಗಿದಾಗ ಮಾತ್ರ ಖಾಸಗಿ ಆಗುತ್ತಿತ್ತು.

ಗಂಡನ ಮನೆಯ ಕ್ರೌರ್ಯ ಅಪರಾಧವೆಂದು 498-ಎ ಕಲಮು ಬಂದದ್ದು 1983ರಲ್ಲಿ. 1993ರಲ್ಲಿ ಮಹಿಳಾ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ ಸ್ಥಿರಪಡಿಸಿತು. ಹೊಡೆದವನು ಗಂಡನಾದರೂ ತಡೆಯದೆ ಕೂತ ಸರ್ಕಾರವೂ ಹೊಣೆ ಎಂದು ಆ ಒಪ್ಪಂದದ ಸಮಿತಿ 1992ರಲ್ಲೇ ಹೇಳಿತ್ತು. ಆದರೆ ಸಮುದಾಯಗಳ ವೈಯಕ್ತಿಕ ವಿಷಯದಲ್ಲಿ ಅವರ ಒಪ್ಪಿಗೆಯಿಲ್ಲದೆ ಕೈಹಾಕುವುದಿಲ್ಲ ಎಂಬ ಷರಾ ಬರೆದೇ ದಿಲ್ಲಿ ಒಪ್ಪಿತು. ಅದೂ 'ಮನಿ ವಿಷಯ'ವೇ, ಇಂಗ್ಲಿಷಿನಲ್ಲಿ! ಟರ್ಕಿಯಲ್ಲಿ ಒಬ್ಬಾಕೆ ದೂರು ಕೊಟ್ಟು ಕೊಟ್ಟು ಸೋತಳು. ಕೊನೆಗೆ ಗಂಡ ಆಕೆಯ ತಾಯಿಯನ್ನೇ ಕೊಂದ. ಅಲ್ಲಿಯ ಸರ್ಕಾರವೇ ಹೊಣೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ತೀರ್ಪು ಕೊಟ್ಟಿತು.

ನಮ್ಮಲ್ಲಿ ಕೌಟುಂಬಿಕ ಹಿಂಸೆಯ ಕಾಯ್ದೆ 2005ರದು, ಜಾರಿಯಾದದ್ದು 2006ರ ಅಕ್ಟೋಬರ್ 26ಕ್ಕೆ. ಇಳಕಲ್ಲಿನ ನೇಕಾರರ ಮನೆಯೊಳಗೆ ನಿಂತು ಇದನ್ನು ಓದಬೇಕು. ಕುಣಿಮಗ್ಗ ಇರುವುದು ಮನೆಯಲ್ಲೇ. ಕಂಡಿಕಿ ಸುತ್ತುವವಳು, ಸೆರಗಿನ ರೇಷ್ಮೆ ಎಳೆಗೆ ಸೀರೆಯ ಮೈ ಎಳೆ ಕೂಡಿಸುವವಳು ಹೆಂಡತಿ. ಏಟಿಗೆ ಅಂಜಿ ಹೊರಬಿದ್ದರೆ ಸೂರಿನ ಸಂಗಡ ದುಡಿಮೆಯೂ ಹೋಯಿತು. ಮನೆ ಯಾರ ಹೆಸರಿನಲ್ಲೇ ಇರಲಿ, ಆಕೆಗೆ ಅಲ್ಲಿ ಇರುವ ಹಕ್ಕಿದೆ ಅನ್ನುತ್ತದೆ 17ನೇ ಕಲಮು. ಗಂಡನನ್ನೇ ಹೊರಗೆ ಹಾಕಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಹಳ್ಳಿಯ ಮಾಸ್ತರರೇ, 4ನೇ ಕಲಮಿಗೂ ಗುರುತು ಹಾಕಿಕೊಳ್ಳಿ: ಕಂಡವರು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ನಮ್ಮ ರಾಜ್ಯದಲ್ಲಿ ಈ ಕೆಲಸವನ್ನೂ ಹೊರಿಸಿದ್ದಾರೆ.

ಮನೆತನದಲ್ಲಿ ಕಲಮು ಓದಲು ಬಂದ ಮೊದಲಿಗರು ನಾವು, ಕೊನೆಯ ಪುಟದವರೆಗೆ ಓದಿದೆವು. ರಕ್ಷಣಾ ಆದೇಶ ಮೀರಿದ ಗಂಡನಿಗೆ ಒಂದು ವರ್ಷದ ತನಕ ಜೈಲು, 20,000 ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ಆದೇಶದಂತೆ ನಡೆಯದ ಸಂರಕ್ಷಣಾಧಿಕಾರಿಗೂ 33ನೇ ಕಲಮಿನಲ್ಲಿ ಅಷ್ಟೇ ಶಿಕ್ಷೆ. ಖುಷಿಯಾಯಿತು. ಪಕ್ಕದಲ್ಲೇ 34ನೇ ಕಲಮು: ಆ ಅಧಿಕಾರಿಯ ಮೇಲೆ ಕೇಸು ಹಾಕಲು ಮೊದಲು ರಾಜ್ಯ ಸರ್ಕಾರದ್ದೋ ಅದು ಗೊತ್ತುಮಾಡಿದವರದ್ದೋ ಮಂಜೂರಾತಿ ಬೇಕು. ಹುನಗುಂದದ ಹೆಣ್ಣುಮಗಳು ಅರ್ಜಿ ಬರೆಯಬೇಕು: ನಿಮ್ಮ ಮ್ಯಾಲೆ ದೂರು ಕೊಡೂದೈತ್ರಿ, ಅಪ್ಪಣೆ ಕೊಡ್ರಿ.