ಹೊಸ್ತಿಲ ರಂಗೋಲಿ ಮತ್ತು ಲಿಸಾಜೂ ವಕ್ರಗಳು

ಸಂಡೂರು ತಾಲ್ಲೂಕಿನ ದೋಣಿಮಲೈ ಕಬ್ಬಿಣದ ಅದಿರಿನ ಊರು. ಗಣಿ ನೌಕರರಿಗಾಗಿ ಕಟ್ಟಿದ ವಸತಿ ಬಡಾವಣೆಯಲ್ಲಿ ಕನ್ನಡ, ತೆಲುಗು, ತಮಿಳು ಮನೆಗಳು ಅಕ್ಕಪಕ್ಕದಲ್ಲಿವೆ. ನಾವು ಚುಕ್ಕಿ ರಂಗೋಲಿ ಎನ್ನುವುದು ಒಬ್ಬರಿಗೆ ಮುಗ್ಗು, ಮತ್ತೊಬ್ಬರಿಗೆ ಕೋಲಂ. ಕೆಲವು ವರ್ಷಗಳ ಹಿಂದೆ ಅಲ್ಲಿ ಶಿಕ್ಷಕರ ಎದುರು, ಸಮೀಕರಣಗಳಿಂದ ಚಿತ್ರ ಬಿಡಿಸುವುದನ್ನು ತೋರಿಸಲು ಹೋಗಿ ನಾನು ಮುಗ್ಗರಿಸಿದೆ.

ಒಂದು ಬಿಂದುವಿನ ಎಡ-ಬಲ ಸ್ಥಾನವನ್ನೂ ಮೇಲು-ಕೆಳಗಿನ ಸ್ಥಾನವನ್ನೂ ಬೇರೆ ಬೇರೆಯಾಗಿ, ಆದರೆ ಒಂದೇ ಪ್ರಾಚಲದ ಮೂಲಕ ಹೇಳುವುದೇ ಪ್ರಾಚಲ ಸಮೀಕರಣ. ಪ್ರಾಚಲ ಇಲ್ಲಿ ಕಾಲ, ಅಂದರೆ ಟಿ. ನಾನು ಕೊಟ್ಟ ಜೋಡಿ: ಎಕ್ಸ್ = ಕಾಸ್ 3ಟಿ, ವೈ = ಕಾಸ್ 4ಟಿ. ಗಣಕದ ಪರದೆಯ ಮೇಲೆ ಅಂದವಾದ ಜಾಲರಿ ಮೂಡಬೇಕಿತ್ತು. ಮೂಡಿದ್ದು ಮೂರೇ ಛೇದಗಳಿದ್ದ ಬಡಕಲು ಗೆರೆ. ಹಿಂದಿನ ಸಾಲಿನಲ್ಲಿದ್ದ ಶಿಕ್ಷಕಿಯೊಬ್ಬರು, "ಸರ್, ನಿಮ್ಮ ಎಳೆ ಮುಚ್ಚಿಲ್ಲ, ಮೇಲಿನ ಎರಡು ಮೂಲೆಯಲ್ಲಿ ತುದಿ ಹಾಗೇ ಉಳಿದಿದೆ" ಎಂದರು. ನಿಜ. ಬಿಂದು ಮೂಲೆಗೆ ತಲಪಿ, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಎರಡು ಕಡೆಯೂ ಕಾಸ್ ಬದಲು ಸೈನ್ ಹಾಕಿದಾಗ 17 ಛೇದಗಳುಳ್ಳ ಮುಚ್ಚಿದ ವಕ್ರ ಬಂತು. ವ್ಯತ್ಯಾಸವೆಲ್ಲ ಪ್ರಾವಸ್ಥೆಯದು.

ಆಕೆ ನೆಲದ ಮೇಲೆ ಮೂರು ಸಾಲು, ನಾಲ್ಕು ಕಂಬಸಾಲಿನಲ್ಲಿ ಹನ್ನೆರಡು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯನ್ನೂ ಬಳಸುತ್ತ ಕೈಯೆತ್ತದೆ ಒಂದೇ ಎಳೆ ಎಳೆದರು. ಎಣಿಸಿದೆವು: ಅಲ್ಲಿಯೂ 17 ಛೇದಗಳು! ಇದು ಕಾಕತಾಳೀಯವಲ್ಲ. ಎಳೆ ತನ್ನನ್ನು ತಾನು ದಾಟುವುದು ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ. ಅಡ್ಡಲಾಗಿ ಅಂಥ ಜೋಡಿಗಳು 9, ಉದ್ದಕ್ಕೆ 8. ಸೈನ್ ವಕ್ರದ ಛೇದಗಳನ್ನು ಎಣಿಸುವ ಸೂತ್ರವೂ (ಎರಡು ಆವೃತ್ತಿಗಳ ಗುಣಲಬ್ಧದ ಇಮ್ಮಡಿಯಿಂದ ಅವುಗಳ ಮೊತ್ತವನ್ನು ಕಳೆಯಬೇಕು) 24ರಲ್ಲಿ 7 ಕಳೆದು ಇದನ್ನೇ ಕೊಡುತ್ತದೆ. ರೂಪ ಮಾತ್ರ ತುಸು ಬೇರೆ. ಸೈನ್ ವಕ್ರ ಅಂಚುಗಳ ಬಳಿ ಒತ್ತೊತ್ತಾಗುತ್ತದೆ, ರಂಗೋಲಿಯ ಚುಕ್ಕಿಗಳು ಸಮದೂರದಲ್ಲಿರುತ್ತವೆ. ಸೈನ್ ಬದಲು ತ್ರಿಕೋನಾಕಾರದ ತರಂಗ ಬಳಸಿದರೆ ಆ ಅಂತರವೂ ಅಳಿಯುತ್ತದೆ.

ಈ ವಕ್ರಗಳ ಲಿಖಿತ ಚರಿತ್ರೆ ಆರಂಭವಾಗುವುದು ಚಂದ್ರನಿಂದ! ಚಂದ್ರನ ಮೇಲೆ ನಿಂತವರಿಗೆ ಭೂಮಿ ಹೇಗೆ ಓಲಾಡಿದಂತೆ ಕಾಣುತ್ತದೆ ಎಂದು ಅಮೆರಿಕದ ಜೇಮ್ಸ್ ಡೀನ್ ಲೆಕ್ಕ ಹಾಕಿದರು. ಅದನ್ನು ಎರಡು ಕಡೆ ಕಟ್ಟಿದ ಲೋಲಕದ ಚಲನೆಗೆ ಹೋಲಿಸಿದ್ದರಿಂದ, ನೌಕಾಯಾನದ ಗಣಿತದಲ್ಲಿ ಹೆಸರಾಗಿದ್ದ ನಥಾನಿಯೆಲ್ ಬೌಡಿಚ್ 1815ರಲ್ಲಿ ಆ ಲೋಲಕವನ್ನೇ ವಿವರವಾಗಿ ಅಭ್ಯಸಿಸಿದರು. 1857ರಲ್ಲಿ ಫ್ರಾನ್ಸಿನ ಜೂಲ್ ಆಂಟ್ವಾನ್ ಲಿಸಾಜೂ, ಪರಸ್ಪರ ಲಂಬವಾಗಿ ಕಂಪಿಸುವ ಎರಡು ಶ್ರುತಿಕವೆಗಳಿಗೆ ಪುಟ್ಟ ಕನ್ನಡಿ ಅಂಟಿಸಿ, ಬೆಳಕಿನ ಕಿರಣವನ್ನು ಒಂದರಿಂದ ಇನ್ನೊಂದಕ್ಕೆ ಹಾಯಿಸಿ ತೆರೆಯ ಮೇಲೆ ಬೀಳಿಸಿದರು. ಅವರಿಗೆ ಬೇಕಿದ್ದುದು ಚಿತ್ರವಲ್ಲ, ಶ್ರುತಿಯ ಪರೀಕ್ಷೆ. ವಕ್ರ ನಿಶ್ಚಲವಾಗಿದ್ದರೆ ಆವೃತ್ತಿಗಳ ಅನುಪಾತ ನಿಖರ; ಮೆಲ್ಲನೆ ಹೊರಳಿದರೆ ಶ್ರುತಿ ತಪ್ಪಿದೆ. ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿದ್ದು ದೊಡ್ಡ ಸಂಗತಿ. 1950ರ ದಶಕದಲ್ಲಿ ಅಮೆರಿಕದ ಬೆನ್ ಲಪೋಸ್ಕಿ ಆಸಿಲೋಸ್ಕೋಪಿನ ತೆರೆಯ ಇಂಥ ವಕ್ರಗಳ ಛಾಯಾಚಿತ್ರ ತೆಗೆದು ಕಲಾಕೃತಿಗಳೆಂದು ಪ್ರದರ್ಶಿಸಿದರು.

ನಮ್ಮ ಕಡೆ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1974ರಲ್ಲಿ ಕೋಲಂ ವಿನ್ಯಾಸಗಳನ್ನು ಗಣಕವಿಜ್ಞಾನದ ವ್ಯಾಕರಣಗಳಾಗಿ ಬರೆದರು. ಹಾಗೆಂದು 'ಲಿಸಾಜೂ ವಕ್ರ ನಮ್ಮಜ್ಜಿಯರಿಗೆ ಮೊದಲೇ ಗೊತ್ತಿತ್ತು' ಎಂದು ಭಾಷಣ ಬಿಗಿಯುವುದು ಸಲ್ಲದು. ಅವರು ಆವೃತ್ತಿಯನ್ನು ಅಳೆಯುತ್ತಿರಲಿಲ್ಲ. ಆದರೆ ಯಾವ ಚುಕ್ಕಿಗಳಿಗೆ ಒಂದೇ ಎಳೆ ಸಾಲುತ್ತದೆ, ಯಾವುದಕ್ಕೆ ಸಾಲದು ಎಂಬುದು ಅವರಿಗೆ ಖಚಿತವಾಗಿ ತಿಳಿದಿತ್ತು. ಅದು ಜ್ಞಾನವಲ್ಲ, ಬರೀ ಕೈಚಳಕ ಎನ್ನುವುದೂ ಅಷ್ಟೇ ತಪ್ಪು. ನಿಯಮ ಸರಳ: ಸಾಲು ಮತ್ತು ಕಂಬಸಾಲುಗಳ ಸಂಖ್ಯೆಯ ಮ.ಸಾ.ಅ. ಎಷ್ಟೋ ಅಷ್ಟು ಎಳೆಗಳು. ಮೂರು-ನಾಲ್ಕಕ್ಕೆ ಒಂದು, ಮೂರು-ಮೂರಕ್ಕೆ ಮೂರು.

ಶಾಲೆಯಲ್ಲಿ ಇದನ್ನು ಮಾಡಲು ಗಣಕವೇ ಬೇಕೆಂದಿಲ್ಲ. ದಾರವನ್ನು ಇಂಗ್ಲಿಷಿನ ವೈ ಅಕ್ಷರದಂತೆ ಕಟ್ಟಿ, ತಳ ತೂತಾದ ಡಬ್ಬಿಯಲ್ಲಿ ಮರಳು ತುಂಬಿ ತೂಗುಬಿಡಿ. ಕವಲಿನ ಗಂಟಿನಿಂದ ಕೆಳಗೆ 45 ಸೆಂ.ಮೀ., ಒಟ್ಟು ಎತ್ತರ 80 ಸೆಂ.ಮೀ. ಇರಲಿ. ಆವರ್ತಕಾಲ ಉದ್ದದ ವರ್ಗಮೂಲವನ್ನು ಅವಲಂಬಿಸುವುದರಿಂದ ಆವೃತ್ತಿಗಳು 3:4 ಆಗುತ್ತವೆ. (ದೋಣಿಮಲೈಯ ಕೆಂಪು ಅದಿರುಪುಡಿ ತೂತಿನಲ್ಲೇ ಕಟ್ಟಿಕೊಂಡಿತು, ಕೊನೆಗೆ ಮರಳನ್ನೇ ಜರಡಿ ಹಿಡಿಯಬೇಕಾಯಿತು.) ಲೋಲಕ ತಿರುಗುವ ಕಡೆ ನಿಧಾನವಾಗುವುದರಿಂದ ಅಂಚಿನಲ್ಲಿ ಮರಳು ದಪ್ಪಗೆ ಬೀಳುವುದನ್ನು ಮಕ್ಕಳಿಗೆ ತೋರಿಸಿ.

ಮೂರು-ಮೂರರ ಚುಕ್ಕಿಗಳನ್ನೂ ಆ ಶಿಕ್ಷಕಿ ಬಿಡಲಿಲ್ಲ. ಕರ್ಣಗಳ ಗುಂಟ ಎರಡು ಉದ್ದ ಕುಣಿಕೆ, ನಡುವೆ ಒಂದು ವಜ್ರಾಕಾರ, ಹೀಗೆ ಮೂರು ಎಳೆಗಳು ಬಂದವು. ಆಕೆ ಮೊದಲ ಕುಣಿಕೆ ವಜ್ರವನ್ನು ದಾಟುವ ಒಂದು ಕಡೆ ಛೇದವನ್ನು ಅಳಿಸಿ, ಎಳೆಗಳನ್ನು ದಾಟಿಸದೆ ಬೆನ್ನಿಗೆ ಬೆನ್ನು ತಿರುಗಿಸಿದರು. ಎರಡು ಎಳೆ ಒಂದಾಯಿತು. ಎರಡನೆಯ ಕುಣಿಕೆಗೂ ಹಾಗೆಯೇ ಮಾಡಿದಾಗ ಮೂರೂ ಸೇರಿ ಒಂದೇ ಎಳೆ. ಲೋಲಕಕ್ಕೆ ಇದು ಸಾಧ್ಯವಿಲ್ಲ. ನಾಲ್ಕು-ನಾಲ್ಕರಲ್ಲಿ ಇಂಥ ತಿರುವು ಮೂರು ಕಡೆ ಬೇಕು. ಎಲ್ಲೆಲ್ಲಿ ಎಂಬುದನ್ನು ಓದುಗರು ಚಾಕ್‌ಪೀಸ್ ಹಿಡಿದು ನೋಡಬಹುದು.